ಬಿಸಿಲೇ ಅಚ್ಚು ಹಾಕುವ ಮೂರು ದಿನ: ಬೇಸಿಗೆ ರಜೆಯ ಸಯಾನೋಟೈಪ್ ಶಿಬಿರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ ಮುಗಿಯುತ್ತಿದ್ದ ಹಾಗೆ ಫೋನ್‌ಗಳು ಶುರುವಾಗುತ್ತವೆ. ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು, ಮಕ್ಕಳು ಕೇಳುವುದು ಬೇರೆಯೇ. ಎರಡನ್ನೂ ಸೇರಿಸಿ ಇಲ್ಲಿ ಬರೆದಿಟ್ಟಿದ್ದೇವೆ. ಶಿಬಿರ ನಡೆಯುವುದು ಬೆಂಗಳೂರಿನಲ್ಲಿ, ಒಂದು ಮನೆಯ ತಾರಸಿಯ ಮೇಲೆ, ಏಪ್ರಿಲ್ ಕೊನೆಯ ಹತ್ತು ದಿನಗಳಲ್ಲಿ.

ಸಯಾನೋಟೈಪ್ ಅಂದರೆ ಏನು?

ಕ್ಯಾಮೆರಾ ಇಲ್ಲದೆ, ಬಿಸಿಲಿನಿಂದ ಮಾಡುವ ಫೋಟೋ. ಕಾಗದಕ್ಕೆ ಕಬ್ಬಿಣದ ಅಂಶವಿರುವ ದ್ರಾವಣ ಬಳಿಯುತ್ತೇವೆ. ನೆರಳಲ್ಲಿ ಒಣಗಿಸುತ್ತೇವೆ. ಅದರ ಮೇಲೆ ಒಂದು ಎಲೆಯನ್ನೋ ಲೇಸನ್ನೋ ಇಟ್ಟು ಬಿಸಿಲಿಗೆ ಇಡುತ್ತೇವೆ. ಆಮೇಲೆ ನೀರಲ್ಲಿ ತೊಳೆದರೆ ಬಿಸಿಲು ಬಿದ್ದ ಜಾಗ ನೀಲಿ, ನೆರಳು ಬಿದ್ದ ಜಾಗ ಬಿಳಿ.

ಹೆಸರು ಹೊಸದು ಅನ್ನಿಸಬಹುದು. ಆದರೆ ಇದರ ನೆನಪು ನಮ್ಮ ಭಾಷೆಯಲ್ಲೇ ಇದೆ. ‘ಸರ್ಕಾರ ನೀಲನಕ್ಷೆ ಸಿದ್ಧಪಡಿಸಿದೆ’ ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಆ ನೀಲನಕ್ಷೆ ಇದೇ. ಕಟ್ಟಡದ, ಸೇತುವೆಯ ನಕ್ಷೆಗಳ ಪ್ರತಿ ತೆಗೆಯಲು ಇಂಜಿನಿಯರ್‌ಗಳು ದಶಕಗಳ ಕಾಲ ಈ ವಿಧಾನವನ್ನೇ ಬಳಸಿದರು. ನೀಲಿ ಹಾಳೆಯ ಮೇಲೆ ಬಿಳಿ ಗೆರೆ. ಆಮೇಲೆ ಅಮೋನಿಯಾ ಪ್ರಿಂಟ್ ಬಂತು, ಆಮೇಲೆ ಕಂಪ್ಯೂಟರ್ ಬಂತು, ಮಾತು ಮಾತ್ರ ಉಳಿಯಿತು. ನಿಮ್ಮ ಮನೆಯಲ್ಲಿ ಸಿವಿಲ್ ಇಂಜಿನಿಯರ್ ಆಗಿದ್ದ ಅಜ್ಜ ಇದ್ದರೆ ಒಮ್ಮೆ ಕೇಳಿ ನೋಡಿ. ಅಮೋನಿಯಾ ಪ್ರಿಂಟಿನ ವಾಸನೆ ಅವರಿಗೆ ಖಂಡಿತ ನೆನಪಿರುತ್ತದೆ.

ಇದನ್ನು ಕಂಡುಹಿಡಿದವರು ಯಾರು?

ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷಲ್, 1842ರಲ್ಲಿ. ಆದರೆ ಶಿಬಿರದಲ್ಲಿ ನಾವು ಜಾಸ್ತಿ ಮಾತಾಡುವುದು ಆನಾ ಆಟ್ಕಿನ್ಸ್ ಬಗ್ಗೆ. ಆಕೆಯ ಮನೆಯವರಿಗೆ ಹರ್ಷಲ್ ಪರಿಚಯ. ಆಕೆಗೆ ಸಸ್ಯಗಳ ಹುಚ್ಚು, ಅದರಲ್ಲೂ ಕಡಲಪಾಚಿ. ಕೂದಲಿನಷ್ಟು ಸಣ್ಣ ಕವಲುಗಳಿರುವ ಪಾಚಿಯನ್ನು ಕೈಯಲ್ಲಿ ಸರಿಯಾಗಿ ಬಿಡಿಸುವುದು ಕಷ್ಟ. ಹಾಗಾಗಿ ಪಾಚಿಯನ್ನೇ ಕಾಗದದ ಮೇಲೆ ಹರಡಿ ಬಿಸಿಲಿಗೆ ಇಟ್ಟರು. 1843ರಲ್ಲಿ ಶುರುವಾದ ಅವರ ಪುಸ್ತಕ ಹತ್ತು ವರ್ಷ ಕಂತು ಕಂತಾಗಿ ಹೊರಬಂತು. ಫೋಟೋಗಳನ್ನು ಚಿತ್ರಗಳಾಗಿ ಬಳಸಿದ ಮೊದಲ ಪುಸ್ತಕ ಅದು. ಪಾಚಿಯ ಹೆಸರುಗಳನ್ನೂ ಕೈಯಲ್ಲಿ ಬರೆದು ಹಾಗೆಯೇ ನೀಲಿಯಲ್ಲಿ ಅಚ್ಚು ಹಾಕಿದ್ದರು. ನಮ್ಮ ಮಕ್ಕಳೂ ಎಲೆಯ ಹೆಸರನ್ನು ಪಾರದರ್ಶಕ ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಅಚ್ಚು ಹಾಕುತ್ತಾರೆ. ನೀಲಿಯ ಮೇಲೆ ಬಿಳಿಯಾಗಿ ‘ಹೊಂಗೆ’ ಅಂತ ಮೂಡುವುದನ್ನು ನೋಡಬೇಕು ನೀವು.

ಕೆಮಿಕಲ್ ಹೆಸರಲ್ಲಿ ಸೈನೈಡ್ ಇದೆ. ಮಕ್ಕಳಿಗೆ ಅಪಾಯ ಅಲ್ವಾ?

ಎಲ್ಲರೂ ಕೇಳುವ, ಕೇಳಲೇಬೇಕಾದ ಪ್ರಶ್ನೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

ಬಳಸುವ ಕೆಮಿಕಲ್ ಎರಡು. ಒಂದು ಫೆರಿಕ್ ಅಮೋನಿಯಂ ಸಿಟ್ರೇಟ್. ಇನ್ನೊಂದು ಪೊಟ್ಯಾಸಿಯಂ ಫೆರಿಸೈನೈಡ್. ಎರಡನೆಯದರ ಹೆಸರು ಕೇಳಿ ಗಾಬರಿಯಾಗುವುದು ಸಹಜ. ಆದರೆ ಅದರಲ್ಲಿರುವ ಸೈನೈಡ್ ಗುಂಪುಗಳನ್ನು ಕಬ್ಬಿಣ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಪತ್ತೇದಾರಿ ಕತೆಗಳಲ್ಲಿ ಬರುವ ಪೊಟ್ಯಾಸಿಯಂ ಸೈನೈಡ್ ಬೇರೆ, ಇದು ಬೇರೆ. ಕೊನೆಗೆ ಕಾಗದದಲ್ಲಿ ಉಳಿಯುವ ನೀಲಿಯ ಹೆಸರು ಪ್ರಶ್ಯನ್ ಬ್ಲೂ. ಥ್ಯಾಲಿಯಂ ವಿಷ ಹೊಟ್ಟೆ ಸೇರಿದವರಿಗೆ ವೈದ್ಯರು ಕೊಡುವ ಔಷಧಿ ಇದೇ ಪ್ರಶ್ಯನ್ ಬ್ಲೂ. ಇನ್ನೊಂದು ವಿಷಯ: ಬಣ್ಣಕ್ಕೆ ವಿಷದಿಂದ ಹೆಸರು ಬಂದದ್ದಲ್ಲ. ಕಡುನೀಲಿಗೆ ಇರುವ ಗ್ರೀಕ್ ಪದದಿಂದ ‘ಸಯಾನ್’ ಬಂತು. ಆ ವಿಷವನ್ನು ಮೊದಲು ತೆಗೆದದ್ದು ಈ ನೀಲಿ ಬಣ್ಣದಿಂದ, ಹಾಗಾಗಿ ಬಣ್ಣದ ಹೆಸರೇ ವಿಷಕ್ಕೆ ಅಂಟಿಕೊಂಡಿತು.

ಹಾಗಂತ ನಾವು ಅಸಡ್ಡೆ ಮಾಡುವುದಿಲ್ಲ. ಪುಡಿ ತೂಗುವುದು, ಕರಗಿಸುವುದು ದೊಡ್ಡವರ ಕೆಲಸ. ಅದು ಮಕ್ಕಳು ಬರುವ ಮೊದಲೇ ಮುಗಿದಿರುತ್ತದೆ. ಮಕ್ಕಳ ಕೈಗೆ ಬರುವುದು ತೆಳುವಾದ ದ್ರಾವಣ ಮಾತ್ರ. ಗ್ಲೌಸ್, ಏಪ್ರನ್ ಕಡ್ಡಾಯ. ಬಳಿಯುವ ಮೇಜಿನ ಹತ್ತಿರ ತಿಂಡಿ, ನೀರಿನ ಬಾಟಲಿ ಇಡುವಂತಿಲ್ಲ. ಇದಕ್ಕೆ ಬಳಸಿದ ಲೋಟ, ಚಮಚ ಯಾವತ್ತೂ ಅಡುಗೆಮನೆಗೆ ವಾಪಸ್ ಹೋಗುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ದೊಡ್ಡ ಅಕ್ಷರದಲ್ಲಿ ಗೋಡೆಗೆ ಅಂಟಿಸಿದ್ದೇವೆ. ಫೆರಿಸೈನೈಡ್‌ಗೆ ಕಡು ಆಸಿಡ್ ಸೇರಬಾರದು. ಬಾತ್‌ರೂಮ್ ತೊಳೆಯುವ ಆಸಿಡ್ ಇದೆಯಲ್ಲ, ಅದರ ಹತ್ತಿರ ಈ ದ್ರಾವಣ ಸುಳಿಯಲೂ ಬಾರದು. ಸೇರಿದರೆ ವಿಷದ ಗಾಳಿ ಹೊರಡುವ ಸಾಧ್ಯತೆ ಇದೆ. ಅದಕ್ಕೇ ಶಿಬಿರದ ದಿನಗಳಲ್ಲಿ ಆ ಬಾಟಲಿ ತಾರಸಿಯಲ್ಲೂ ಇರುವುದಿಲ್ಲ, ಅಲ್ಲಿನ ಬಚ್ಚಲಲ್ಲೂ ಇರುವುದಿಲ್ಲ. ನಿಂಬೆರಸ, ವಿನೆಗರ್‌ನಂಥ ಹಗುರ ಹುಳಿಯಿಂದ ಈ ತೊಂದರೆ ಇಲ್ಲ.

ಯಾವ ವಯಸ್ಸಿನವರು ಬರಬಹುದು?

11ರಿಂದ 17 ವರ್ಷ. ಒಂದು ತಂಡಕ್ಕೆ 12 ಜನ. ಚಿಕ್ಕ ತಮ್ಮ ತಂಗಿಯರನ್ನು ಜೊತೆಗೆ ಕಳಿಸಬೇಡಿ, ದಯವಿಟ್ಟು. ಒದ್ದೆ ಕೈ ಬಾಯಿಗೆ ಹೋಗುವ ವಯಸ್ಸಿನವರಿಗೆ ಈ ಕೆಲಸ ಅಲ್ಲ.

ನನಗೆ ಡ್ರಾಯಿಂಗ್ ಬರೋದಿಲ್ಲ. ಆದರೂ ಬರಬಹುದಾ?

ನೀನು ಬರಲೇಬೇಕು. ಡ್ರಾಯಿಂಗ್‌ನಲ್ಲಿ ಯಾವತ್ತೂ ‘ಬಿ’ ಗ್ರೇಡ್ ಬರುವವರಿಗೆ ನಮ್ಮಲ್ಲಿ ವಿಶೇಷ ಸ್ವಾಗತ.

ಇಲ್ಲಿ ಗೆರೆ ಎಳೆಯುವುದು ಬಿಸಿಲು. ನೀನು ಮಾಡಬೇಕಾದದ್ದು ನೋಡುವುದು. ನುಗ್ಗೆ ಸೊಪ್ಪಿನ ಒಂದು ಕಡ್ಡಿ ತೆಗೆದುಕೋ. ಅದರಲ್ಲಿ ಎಲೆ ಹೇಗೆ ಕವಲೊಡೆದಿದೆ? ಎಲ್ಲಿ ಒಂದರ ಮೇಲೊಂದು ಬಿದ್ದಿದೆ? ಹಾಗೇ ಇಟ್ಟರೆ ಬಿಳಿ ಮುದ್ದೆ ಬರುತ್ತದೆ. ನಾಲ್ಕು ಎಲೆ ಕಿತ್ತರೆ ಒಂದೊಂದೂ ಬಿಡಿಸಿ ಕಾಣುತ್ತದೆ. ಯಾವ ನಾಲ್ಕು? ಅದೇ ಕೆಲಸ. ಮುಟ್ಟಿದರೆ ಮುನಿಯನ್ನು ಕಿತ್ತು ತಂದರೆ ದಾರಿಯಲ್ಲೇ ಮುದುಡಿರುತ್ತದೆ. ಅದರ ಎಲೆ ಬಿಚ್ಚಿದ ಹಾಗೆ ಅಚ್ಚಾಗಬೇಕಾದರೆ ಏನು ಮಾಡಬೇಕು? ಹಿಂದಿನ ವರ್ಷ ಒಬ್ಬಳು ಹುಡುಗಿ ಕುಂಡವನ್ನೇ ಹೊತ್ತು ತಂದಳು. ಗಿಡ ಕೀಳದೆ, ಒಂದು ರೆಂಬೆಯನ್ನು ಮೆಲ್ಲಗೆ ಕಾಗದದ ಮೇಲೆ ಬಾಗಿಸಿ, ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಕಾದಳು. ಗಾಜು ಮುಚ್ಚಲಿಲ್ಲ, ಮುಚ್ಚಿದರೆ ಮತ್ತೆ ಮುನಿಯುತ್ತದೆ. ಗಾಳಿಗೆ ಅಂಚು ಸ್ವಲ್ಪ ಮಸುಕಾಯಿತು. ಆ ವರ್ಷದ ಎಲ್ಲ ಪ್ರಿಂಟುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ಮೂರು ದಿನ ಏನೇನು ಮಾಡಿಸುತ್ತೀರಿ?

ಮೊದಲ ದಿನ ಎಲೆ, ಹೂವು, ಗರಿ. ಕಾಗದಕ್ಕೆ ದ್ರಾವಣ ಬಳಿಯುವುದನ್ನು ಕಲಿಯುವುದೇ ಅರ್ಧ ಬೆಳಗ್ಗೆ. ಎ4 ಹಾಳೆಗೆ ಸುಮಾರು 2 ಮಿಲಿಲೀಟರ್ ಸಾಕು. ಸ್ಪಂಜಿನ ಬ್ರಷ್‌ನಲ್ಲಿ ಒಮ್ಮೆ ಅಡ್ಡ, ಒಮ್ಮೆ ಉದ್ದ. ಮಧ್ಯೆ ಕೆರೆ ಕಟ್ಟಬಾರದು. ಕತ್ತಲೆ ಕೋಣೆ ಬೇಡ, ಪರದೆ ಹಾಕಿದ ರೂಮಿನಲ್ಲಿ ಒಂದು ಹಳದಿ ಬಲ್ಬ್ ಸಾಕು. ಒಣಗಿದ ಹಾಳೆ ಹಳದಿ ಹಸಿರು ಬಣ್ಣದಲ್ಲಿರುತ್ತದೆ. ಅದನ್ನು ಪರೀಕ್ಷೆಗೆ ಒಯ್ಯುವ ಪ್ಯಾಡಿನ ಮೇಲಿಟ್ಟು, ಎಲೆ ಜೋಡಿಸಿ, ಹಳೇ ಫೋಟೋ ಫ್ರೇಮಿನ ಗಾಜು ಮುಚ್ಚಿ, ನಾಲ್ಕು ಕಡೆ ಕ್ಲಿಪ್ ಹಾಕಿ ಬಿಸಿಲಿಗೆ.

ಆಮೇಲೆ ಬಣ್ಣ ಬದಲಾಗುವುದನ್ನು ನೋಡುತ್ತಾ ಕೂರಬೇಕು. ಹಳದಿ ಹಸಿರು ಹೋಗಿ ನೀಲಿ ಹಸಿರಾಗುತ್ತದೆ. ಆಮೇಲೆ ನೀಲಿ. ಇಲ್ಲಿಗೇ ತೆಗೆದುಬಿಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ತೆಗೆಯಬಾರದು. ನೀಲಿಯೂ ಹೋಗಿ ಒಲೆಯ ಬೂದಿಯಂಥ ಮಂಕು ಬಣ್ಣ ಬರಬೇಕು. ಏಪ್ರಿಲ್ ನಡುಮಧ್ಯಾಹ್ನ ಇದಕ್ಕೆ 5ರಿಂದ 8 ನಿಮಿಷ ಹಿಡಿಯುತ್ತದೆ. ಆಗ ತೆಗೆದು ನೀರಿನ ಟಬ್‌ಗೆ ಇಳಿಸಿದರೆ ಹಳದಿ ನೀರು ಬಿಟ್ಟುಕೊಂಡು, ಎಲೆಯ ಜಾಗ ಬಿಳಿಯಾಗುತ್ತಾ, ಸುತ್ತ ನೀಲಿ ಮೇಲೇಳುತ್ತದೆ. ಆ ಕ್ಷಣ ಟಬ್ ಸುತ್ತ ಯಾರೂ ಮಾತಾಡುವುದಿಲ್ಲ. ಒಣಗಿದ ಮೇಲೂ ಒಂದು ದಿನ ನೀಲಿ ಗಾಢವಾಗುತ್ತಲೇ ಇರುತ್ತದೆ.

ಎರಡನೇ ದಿನ ನೆರಳಿನ ಆಟ. ಏಪ್ರಿಲ್ 24ರ ಆಸುಪಾಸು ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ನಾವು ಶಿಬಿರವನ್ನು ಆ ದಿನದ ಸುತ್ತಲೇ ಇಟ್ಟುಕೊಳ್ಳುತ್ತೇವೆ. ಒಂದು ಸ್ಟೀಲ್ ಲೋಟವನ್ನು ಬೆಳಗ್ಗೆ ಒಂಬತ್ತೂವರೆಗೆ ಹಾಳೆಯ ಮೇಲೆ ನಿಲ್ಲಿಸಿದರೆ ಉದ್ದನೆಯ ಬಿಳಿ ಬಾಲ ಮೂಡುತ್ತದೆ. ಅದೇ ಲೋಟವನ್ನು 12.17ರ ಹೊತ್ತಿಗೆ ನಿಲ್ಲಿಸಿದರೆ ಒಂದು ದುಂಡು ಬಿಳಿ ಚಂದ್ರ, ಅಷ್ಟೇ. ಎರಡೂ ಹಾಳೆ ಪಕ್ಕಪಕ್ಕ ಇಟ್ಟರೆ ಭೂಗೋಳದ ಒಂದು ಪಾಠವೇ ಆಯಿತು. ಅದೇ ದಿನ ಗಾಜಿನ ಬಳೆ, ಕ್ರೋಶಾ ಬಟ್ಟೆ, ರಂಗೋಲಿಯನ್ನೂ ಅಚ್ಚು ಹಾಕುತ್ತೇವೆ. ರಂಗೋಲಿ ಪುಡಿಯನ್ನು ಗಾಜಿನ ಮೇಲೆ ಹಾಕಬೇಕು, ಕಾಗದದ ಮೇಲಲ್ಲ.

ಮೂರನೇ ದಿನ ಬಣ್ಣ ಬದಲಾಯಿಸುವುದು. ನೀಲಿ ಪ್ರಿಂಟನ್ನು ತೆಳುವಾದ ವಾಷಿಂಗ್ ಸೋಡಾ ನೀರಲ್ಲಿ ಅದ್ದಿದರೆ ನೀಲಿ ಮಾಯವಾಗಿ ಹಳದಿ ಉಳಿಯುತ್ತದೆ. ತೊಳೆದು ಕಡಕ್ ಟೀ ಡಿಕಾಕ್ಷನ್‌ನಲ್ಲಿ ಬಿಟ್ಟರೆ ಕಂದು ಕಪ್ಪಾಗಿ ಮತ್ತೆ ಎದ್ದು ಬರುತ್ತದೆ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಹೀಗಾಗುವುದು. ಮಲೆನಾಡಿನ ಕಡೆಯವರಿಗೆ ತಕ್ಷಣ ಹೊಳೆಯುತ್ತದೆ: ಅಡಿಕೆ ಬೇಯಿಸಿದ ಚೊಗರಿನಲ್ಲೂ ಟ್ಯಾನಿನ್ ಇದೆ. ಈ ಸಲ ಊರಿನಿಂದ ಒಂದು ಬಾಟಲಿ ಚೊಗರು ತರಿಸಿದ್ದೇವೆ. ಟೀಗೂ ಚೊಗರಿಗೂ ಏನು ವ್ಯತ್ಯಾಸ ಅಂತ ಮಕ್ಕಳೇ ಅಕ್ಕಪಕ್ಕ ಇಟ್ಟು ನೋಡುತ್ತಾರೆ.

ನೀಲಿ ಬರುವುದು ಹೇಗೆ? ಹತ್ತನೇ ಕ್ಲಾಸಿನ ಕೆಮಿಸ್ಟ್ರಿಗೆ ಅರ್ಥವಾಗುತ್ತಾ?

ಆಗುತ್ತದೆ. ದ್ರಾವಣದಲ್ಲಿರುವುದು ಫೆರಿಕ್ ಕಬ್ಬಿಣ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಅದಕ್ಕೊಂದು ಎಲೆಕ್ಟ್ರಾನ್ ಸಿಕ್ಕಿ ಫೆರಸ್ ಆಗುತ್ತದೆ. ಫೆರಸ್ ಕಬ್ಬಿಣ ಫೆರಿಸೈನೈಡ್ ಜೊತೆ ಕೂಡಿದರೆ ಪ್ರಶ್ಯನ್ ಬ್ಲೂ. ಅದು ನೀರಲ್ಲಿ ಕರಗುವುದಿಲ್ಲ, ಕಾಗದದ ನಾರಿಗೆ ಅಂಟಿಕೊಳ್ಳುತ್ತದೆ. ನೆರಳಿದ್ದ ಕಡೆ ಏನೂ ಆಗಿರುವುದಿಲ್ಲ, ಅಲ್ಲಿಯದು ತೊಳೆದು ಹೋಗುತ್ತದೆ. ‘ರೆಡಾಕ್ಸ್’ ಅನ್ನುವ ಪದ ಬಾಯಿಪಾಠ ಮಾಡಿದ ಮಕ್ಕಳು ಅದನ್ನು ಕಣ್ಣಲ್ಲಿ ನೋಡುವುದು ಇಲ್ಲಿ.

ಮೋಡ ಇದ್ದರೆ? ಮಳೆ ಬಂದರೆ?

ಮೋಡ ಇದ್ದರೂ ಅಚ್ಚಾಗುತ್ತದೆ, 20 ನಿಮಿಷವೋ ಅರ್ಧ ಗಂಟೆಯೋ ಹಿಡಿಯುತ್ತದೆ ಅಷ್ಟೇ. ಮಳೆ ಬಂದರೆ ಕೆಲಸ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಮಳೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಗುಡುಗಿನ ಜೊತೆ. ಬಿಸಿಲಿನ ಕಸುವೂ ಮೂರರ ಮೇಲೆ ಇಳಿಯುತ್ತದೆ. ಅದಕ್ಕೇ ನಮ್ಮ ಸಮಯ ಬೆಳಗ್ಗೆ 9ರಿಂದ ಮಧ್ಯಾಹ್ನ 1.

ಅಷ್ಟು ಬಿಸಿಲಲ್ಲಿ ಮಕ್ಕಳು ನಿಲ್ಲಬೇಕಾ?

ಬೇಡ. ಬಿಸಿಲಲ್ಲಿ ಇರುವುದು ಕಾಗದ. ಮಕ್ಕಳು ಶೀಟಿನ ಕೆಳಗೆ ನೆರಳಲ್ಲಿ. ಹೋಗಿ ಬರುವುದಕ್ಕೆ ಟೋಪಿ, ಚಪ್ಪಲಿ ಬೇಕೇ ಬೇಕು. ಹನ್ನೊಂದಕ್ಕೆ ಮಜ್ಜಿಗೆ ಕೊಡುತ್ತೇವೆ.

ನನ್ನ ಪ್ರಿಂಟ್ ಪೇಲವವಾಗಿ ಬಂತು. ಯಾಕೆ?

ಒಂದು, ಬೇಗ ತೆಗೆದಿರುತ್ತೀರಿ. ಬೂದಿ ಬಣ್ಣ ಬರುವ ಮೊದಲೇ ತೆಗೆದರೆ ನೀಲಿಯೆಲ್ಲ ನೀರಿಗೆ ಹೋಗುತ್ತದೆ. ಎರಡು, ಹಸಿ ಎಲೆ. ಗಾಜಿನ ಕೆಳಗೆ ಎಲೆ ಬೆವರುತ್ತದೆ, ಸುತ್ತ ಕಲೆ ಮೂಡುತ್ತದೆ. ಹಿಂದಿನ ರಾತ್ರಿಯೇ ಹಳೇ ಪೇಪರಿನ ಮಧ್ಯೆ ಇಟ್ಟು ದಪ್ಪ ಪುಸ್ತಕ ಹೇರಿದರೆ ಈ ತಾಪತ್ರಯ ಇಲ್ಲ.

ಮೂರನೆಯದು ನೀರು. ಇದನ್ನು ನಾವು ಕಲಿತದ್ದು ಅತ್ತುಕೊಂಡೇ. ಒಮ್ಮೆ ಒಂದು ಅಪಾರ್ಟ್‌ಮೆಂಟಿನಲ್ಲಿ ಶಿಬಿರ ಮಾಡಿದೆವು. ಬಿಸಿಲು ಚೆನ್ನಾಗಿತ್ತು, ದ್ರಾವಣ ಹೊಸದು, ಹಾಳೆಗಳು ಸರಿಯಾಗಿ ಬೂದಿ ಬಣ್ಣಕ್ಕೆ ಬಂದಿದ್ದವು. ನಲ್ಲಿ ಕೆಳಗೆ ಹಿಡಿದದ್ದೇ ತಡ, ನೀಲಿ ಕಣ್ಣೆದುರೇ ಇಳಿಯತೊಡಗಿತು. ಹತ್ತು ಮಕ್ಕಳ ಬೆಳಗಿನ ಕೆಲಸ. ಒಬ್ಬ ಹುಡುಗ ತನ್ನ ಹಾಳೆಯನ್ನು ನೀರಿನಿಂದ ಕಿತ್ತು ಎದೆಗೆ ಒತ್ತಿಕೊಂಡು ನಿಂತಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಲ್ಲಿ ಬರುತ್ತಿದ್ದದ್ದು ಕ್ಷಾರದ ಅಂಶವಿರುವ ಗಡಸು ಬೋರ್‌ವೆಲ್ ನೀರು. ಪ್ರಶ್ಯನ್ ಬ್ಲೂಗೆ ಕ್ಷಾರ ಆಗುವುದಿಲ್ಲ. ಈಗ ಎಲ್ಲಿಗೆ ಹೋದರೂ ಮೊದಲು ಒಂದು ಚೂರು ಕಾಗದ ತೊಳೆದು ನೋಡುತ್ತೇವೆ. ಅನುಮಾನ ಬಂದರೆ ಒಂದು ಬಕೆಟ್ ನೀರಿಗೆ ಒಂದು ನಿಂಬೆಹಣ್ಣು ಹಿಂಡುತ್ತೇವೆ.

ಮೊಬೈಲಿನಲ್ಲಿರುವ ಫೋಟೋ ಅಚ್ಚು ಹಾಕಬಹುದಾ?

ಹಾಕಬಹುದು. ಫೋಟೋವನ್ನು ಕಪ್ಪು ಬಿಳುಪು ಮಾಡಿ, ಬೆಳಕು ಕತ್ತಲೆ ಅದಲು ಬದಲು ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಓಎಚ್‌ಪಿ ಶೀಟಿನ, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ, ಮೇಲೆ ಪ್ರಿಂಟ್ ತೆಗೆಸಬೇಕು. ಅಜ್ಜಿಯ ಮದುವೆ ಫೋಟೋ ಇದರಲ್ಲಿ ಬಲು ಚೆನ್ನಾಗಿ ಬರುತ್ತದೆ. ಆದರೆ ಎರಡನೇ ದಿನದವರೆಗೆ ಮೊಬೈಲ್ ಬ್ಯಾಗಿನಲ್ಲೇ ಇರಲಿ. ಮೊದಲು ಕೈಗೆ ಸಿಗುವ ವಸ್ತು, ಆಮೇಲೆ ಫೋಟೋ.

ಬಟ್ಟೆಯ ಮೇಲೆ ಆಗುತ್ತದಾ?

ಹತ್ತಿ ಬಟ್ಟೆಯ ಮೇಲೆ ಆಗುತ್ತದೆ, ಖಾದಿಯ ಮೇಲೆ ಇನ್ನೂ ಚೆಂದ. ಹೊಸ ಬಟ್ಟೆಯ ಗಂಜಿ ಹೋಗುವವರೆಗೆ ಮೊದಲೇ ತೊಳೆದಿರಬೇಕು. ಅಚ್ಚಾದ ಮೇಲೆ ಸೋಪು, ಡಿಟರ್ಜೆಂಟ್ ಹಾಕುವಂತಿಲ್ಲ, ನೀಲಿ ಹಳದಿಯಾಗುತ್ತದೆ. ಬರಿ ನೀರು, ಬೇಕಾದರೆ ಅಂಟುವಾಳ.

ಮನೆಯಲ್ಲೇ ಮುಂದುವರಿಸಬಹುದಾ?

ದೊಡ್ಡವರು ಜೊತೆಗಿದ್ದರೆ ಖಂಡಿತ. ಅಳತೆ ಇದು: 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್ 100 ಮಿಲಿ ನೀರಿಗೆ. ಬೇರೆ ಬಾಟಲಿಯಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸೈನೈಡ್ 100 ಮಿಲಿ ನೀರಿಗೆ. ಬಳಸುವ ದಿನ ಮಾತ್ರ ಎರಡನ್ನೂ ಸಮಸಮ ಬೆರೆಸಬೇಕು. ಲ್ಯಾಬ್ ಕೆಮಿಕಲ್ ಅಂಗಡಿಯಲ್ಲಿ ಸಿಟ್ರೇಟ್ ಕೇಳುವಾಗ ‘ಹಸಿರು’ ಅಂತ ಒತ್ತಿ ಹೇಳಿ, ಕಂದು ಬಣ್ಣದ್ದು ಬಿಸಿಲಿಗೆ ಅಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಕಂದು ಗಾಜಿನ ಬಾಟಲಿಯಲ್ಲಿ, ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಸಿಟ್ರೇಟ್ ದ್ರಾವಣಕ್ಕೆ ಕೆಲವೊಮ್ಮೆ ಬೂಸ್ಟು ಹಿಡಿಯುತ್ತದೆ. ಬಟ್ಟೆಯಲ್ಲಿ ಸೋಸಿಕೊಂಡರೆ ಸಾಕು. ಕಬ್ಬಿಣದ ಪಟ್ಟಿ ಇರುವ ಬ್ರಷ್ ಬೇಡ, ಹಾಳೆಯಲ್ಲಿ ನೀಲಿ ಚುಕ್ಕೆ ಬೀಳುತ್ತದೆ.

ಪ್ರಿಂಟ್ ಎಷ್ಟು ವರ್ಷ ಬಾಳುತ್ತದೆ?

ಆನಾ ಆಟ್ಕಿನ್ಸ್ ಮಾಡಿದ ಹಾಳೆಗಳು ಇವತ್ತಿಗೂ ನೀಲಿಯಾಗಿವೆ. ದಿನವೂ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಹಾಗೆಯೇ ಸುಣ್ಣ ಹೊಡೆದ ಗೋಡೆಗೆ ನೇರವಾಗಿ ಅಂಟಿಸಬೇಡಿ, ಸುಣ್ಣವೂ ಕ್ಷಾರವೇ. ಬೆಳಕಿಗೆ ಸ್ವಲ್ಪ ಮಾಸಿದರೆ ಕೆಲವು ದಿನ ಕತ್ತಲೆಯ ಬೀರುವಿನಲ್ಲಿಡಿ. ಹೋದ ನೀಲಿ ಬಹುಪಾಲು ತಾನಾಗಿಯೇ ವಾಪಸ್ ಬರುತ್ತದೆ.

ಸರ್ಟಿಫಿಕೇಟ್ ಕೊಡುತ್ತೀರಾ? ಇದರಿಂದ ಮುಂದೆ ಏನು ಉಪಯೋಗ?

ಸರ್ಟಿಫಿಕೇಟ್ ಇಲ್ಲ. ಎಂಟೋ ಹತ್ತೋ ಪ್ರಿಂಟ್ ಇರುತ್ತವೆ. ಶಿಬಿರ ಮುಗಿದ ವಾರ ಮಕ್ಕಳು ಬಸ್‌ಸ್ಟಾಪಿನಲ್ಲಿ ನಿಂತು ಕೆಂಪು ತುರಾಯಿ ಮರದ ಎಲೆಯ ಎಳೆಗಳನ್ನು ಎಣಿಸುತ್ತಾರೆ ಅಂತ ತಾಯಂದಿರು ಹೇಳುತ್ತಾರೆ. ನಮಗೆ ಬೇಕಾದದ್ದು ಅದು.

ಫೀಸ್ ಎಷ್ಟು?

ಮೂರು ದಿನಕ್ಕೆ 1,800 ರೂಪಾಯಿ. ಕಾಗದ, ದ್ರಾವಣ, ಗ್ಲೌಸ್ ಎಲ್ಲ ಸೇರಿ. ಪ್ರತಿ ತಂಡದಲ್ಲಿ ಎರಡು ಸೀಟು ಉಚಿತ, ಸುಮ್ನೆ ಕೇಳಿ, ಕಾರಣ ಹೇಳಬೇಕಾಗಿಲ್ಲ.

ನಾವು ಜೊತೆಗೆ ಕೂರಬಹುದಾ?

ಮೊದಲ ಎರಡು ದಿನ ಬೇಡ. ಪ್ರೀತಿಯಿಂದಲೇ ಹೇಳುತ್ತಿದ್ದೇವೆ. ಎಲೆ ಸ್ವಲ್ಪ ಎಡಕ್ಕೆ ಸರಿಸು ಅಂತ ನಿಮ್ಮ ಕೈ ಮುಂದೆ ಬಂದೇ ಬರುತ್ತದೆ. ಆ ಎಲೆ ಎಲ್ಲಿರಬೇಕು ಅಂತ ಮಗುವೇ ತೀರ್ಮಾನಿಸಲಿ. ಮೂರನೇ ದಿನ 12 ಗಂಟೆಗೆ ಬನ್ನಿ, ನಿಮಗೂ ಒಂದು ಹಾಳೆ ಇಟ್ಟಿರುತ್ತೇವೆ.

ಬರುವಾಗ ಏನು ತರಬೇಕು?

ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಈ ನೀಲಿ ಕಲೆ ಹೋಗುವುದಿಲ್ಲ. ಟೋಪಿ, ನೀರಿನ ಬಾಟಲಿ, ಪರೀಕ್ಷೆ ಪ್ಯಾಡ್. ಒತ್ತಿಟ್ಟ ನಾಲ್ಕೈದು ಎಲೆ: ಕರಿಬೇವು, ಗರಿಕೆ, ಜರಿಗಿಡ, ಏನಾದರೂ ಸರಿ. ಪುಸ್ತಕದ ಮಧ್ಯೆ ನಾರು ಮಾತ್ರ ಉಳಿದ ಅರಳಿ ಎಲೆ ಇದ್ದರೆ ಮರೆಯದೆ ತನ್ನಿ, ಅದರಷ್ಟು ಸೊಗಸಾಗಿ ಬೇರೆ ಯಾವುದೂ ಅಚ್ಚಾಗುವುದಿಲ್ಲ. ಮನೆಯ ಒಂದು ವಸ್ತುವೂ ಬೇಕು, ಬೆಳಕು ತೂರುವಂಥದ್ದು. ಜರಡಿ, ಬಾಚಣಿಗೆ, ಚಕ್ಕುಲಿ ಒರಳಿನ ಬಿಲ್ಲೆ ಎಲ್ಲ ಆಗುತ್ತದೆ.

ಮೂರನೇ ದಿನ ಹಳೇ ನ್ಯೂಸ್‌ಪೇಪರ್ ಮತ್ತು ಎರಡು ರಟ್ಟು ಕಳಿಸಿ. ಆ ದಿನದ ಪ್ರಿಂಟುಗಳು ಇನ್ನೂ ಹಸಿಯಾಗಿರುತ್ತವೆ, ಸ್ಕೂಟರಿನಲ್ಲಿ ಸುರುಳಿ ಸುತ್ತಿ ಒಯ್ದರೆ ಸುಕ್ಕು ಬೀಳುತ್ತದೆ.